ಅಂಕಿತದಿಂದ ಲೇಬಲ್ಲಿಗೆ: ಬಾಗಲಕೋಟೆ ಸೀಮೆಯ ಹಾಡು, ರಂಗಭೂಮಿ ಮತ್ತು ಧ್ವನಿಮುದ್ರಿಕೆ

ಜನಪ್ರಿಯ ಹಾಡೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಧ್ವನಿಮುದ್ರಿಕೆ ಬಿಡುಗಡೆಯಾದ ವರ್ಷದಿಂದ ಆರಂಭಿಸುತ್ತಾರೆ. ಯಾವ ಕಂಪನಿ ಹೊರತಂದಿತು, ಯಾರು ಹಾಡಿದರು, ಯಾವ ಚಲನಚಿತ್ರಕ್ಕೆ ಸೇರಿದುದು ಎಂಬ ವಿವರಗಳು ಆ ಬಳಿಕ ಬರುತ್ತವೆ. ಮುಂಬಯಿ, ಕಲ್ಕತ್ತೆ, ಮದರಾಸುಗಳಂತಹ ಧ್ವನಿಮುದ್ರಣ ಕೇಂದ್ರಗಳ ಮಟ್ಟಿಗೆ ಈ ಕ್ರಮ ಸರಿಹೊಂದಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪರಿಸರಕ್ಕೆ ಅದು ಸಾಲದು. ಇಲ್ಲಿ ಹಾಡು ಮೊದಲು ಹೊರಬಂದದ್ದು ಜಾತ್ರೆಯ ಬಯಲಿನಲ್ಲಿ, ಗೀಗೀ ಮೇಳದ ಎದುರು, ನಾಟಕ ಕಂಪನಿಯ ಡೇರೆಯೊಳಗೆ. ಗ್ರಾಮಫೋನ್ ತಟ್ಟೆ, ಧ್ವನಿಸುರುಳಿ, ಚಲನಚಿತ್ರ ಇವೆಲ್ಲ ಆ ಮೊದಲ ಬಿಡುಗಡೆಯ ನಂತರದ ಹಂತಗಳು.

ಈ ಹಂತಗಳನ್ನು ದಾಟುವಾಗ ಹಾಡಿಗೆ ಹೊಸ ಕೇಳುಗರು ದೊರೆತರು. ಅದೇ ವೇಳೆಗೆ ಹಾಡಿನೊಡನೆ ಸಾಗಿಬರುತ್ತಿದ್ದ ಕೆಲವು ಹೆಸರುಗಳು ಕಳಚಿಬಿದ್ದವು. ಹಾಡು ಕಟ್ಟಿದವರ ಹೆಸರು ಮತ್ತು ಅವರ ಊರಿನ ಹೆಸರು ಅವುಗಳಲ್ಲಿ ಮುಖ್ಯವಾದವು. ಈ ನಷ್ಟ ಹೇಗೆ ಸಂಭವಿಸಿತು, ಅದರ ಹಿಂದಿರುವ ತಾಂತ್ರಿಕ ಹಾಗೂ ವಾಣಿಜ್ಯ ಕಾರಣಗಳಾವುವು, ಗ್ರಂಥಾಲಯಗಳು ಅದನ್ನು ಎಷ್ಟರಮಟ್ಟಿಗೆ ತುಂಬಿಕೊಡಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೇಲಿನ ನಾಲ್ಕು ಸ್ಥಳಗಳ ಜೊತೆಗೆ ಅದೇ ಜಿಲ್ಲೆಯ ಬೀಳಗಿ, ಮುಧೋಳ ಭಾಗಗಳನ್ನೂ ಅಗತ್ಯವಿದ್ದೆಡೆ ಗಮನಿಸಲಾಗಿದೆ.

ಅಂಕಿತ: ಹಾಡಿನೊಳಗಿನ ದಾಖಲೆ

ಕನ್ನಡದ ಹಾಡುಗಬ್ಬದಲ್ಲಿ ಕರ್ತೃವಿನ ಗುರುತು ಹಾಡಿನ ಹೊರಗೆ ಇರುವುದಿಲ್ಲ. ಅದು ಹಾಡಿನ ಒಳಗೇ ಅಂಕಿತದ ರೂಪದಲ್ಲಿರುತ್ತದೆ. ವಚನ, ಕೀರ್ತನೆ, ತತ್ತ್ವಪದ, ಲಾವಣಿ ಈ ನಾಲ್ಕೂ ಪ್ರಕಾರಗಳಿಗೆ ಈ ಮಾತು ಅನ್ವಯಿಸುತ್ತದೆ. ಬಾಗಲಕೋಟೆ ಸೀಮೆಯ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಬಸವಣ್ಣನವರ ವಚನಗಳ ಅಂಕಿತವಾದ ಕೂಡಲಸಂಗಮದೇವ ಎಂಬುದು ಹುನಗುಂದ ತಾಲ್ಲೂಕಿನಲ್ಲಿ, ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವೆಡೆ ಇರುವ ಕ್ಷೇತ್ರದ ದೇವರ ಹೆಸರು. ಅಂದರೆ ಕನ್ನಡದಲ್ಲಿ ಅತಿ ಹೆಚ್ಚು ಬಾರಿ ಉಚ್ಚರಿತವಾದ ಅಂಕಿತಗಳಲ್ಲಿ ಒಂದು ಈ ತಾಲ್ಲೂಕಿನ ಸ್ಥಳನಾಮವನ್ನೇ ಹೊತ್ತಿದೆ. ಅಂಕಿತವು ಕರ್ತೃವನ್ನೂ ದೈವವನ್ನೂ ಊರನ್ನೂ ಒಂದೇ ಪದದಲ್ಲಿ ಕಟ್ಟಿಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಂಕಿತವನ್ನು ಸಮಾಜ ಎಷ್ಟು ಗಂಭೀರವಾಗಿ ಪರಿಗಣಿಸುತ್ತದೆ ಎಂಬುದೂ ಇದೇ ಉದಾಹರಣೆಯಿಂದ ತಿಳಿಯುತ್ತದೆ. ಮಾತೆ ಮಹಾದೇವಿಯವರು ಸಂಪಾದಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಈ ಅಂಕಿತಕ್ಕೆ ಬದಲಾಗಿ ಲಿಂಗದೇವ ಎಂಬುದನ್ನು ಬಳಸಿದ ಕಾರಣಕ್ಕೆ ರಾಜ್ಯ ಸರ್ಕಾರ 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಆ ವಿವಾದದ ಸರಿತಪ್ಪುಗಳ ವಿಮರ್ಶೆ ಇಲ್ಲಿ ಪ್ರಸ್ತುತವಲ್ಲ. ಒಂದು ಪದದ ಅಂಕಿತ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬಲ್ಲುದೆಂಬ ಸಂಗತಿಯಷ್ಟೇ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು.

ಲಾವಣಿಗಳಲ್ಲಿ ಅಂಕಿತದ ಕೆಲಸ ಇನ್ನಷ್ಟು ವ್ಯಾವಹಾರಿಕವಾದುದು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಗೆ ಎದುರಾಗಿ ದಂಗೆಯೆದ್ದ ಪ್ರಸಂಗವನ್ನು ಹೇಳುವ ಪ್ರಸಿದ್ಧ ಲಾವಣಿಯ ಕೊನೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಉಲ್ಲೇಖ ಬರುತ್ತದೆ. ಲಾವಣಿಕಾರನ ನೆಲೆಯನ್ನು ಗದಗ ಭಾಗದಲ್ಲಿ ಅರಸಲು ವಿದ್ವಾಂಸರಿಗೆ ದೊರೆತಿರುವ ಆಧಾರ ಇದೇ. ಘಟನೆ ನಡೆದ ಊರು ಒಂದು, ಅದನ್ನು ಹಾಡಾಗಿಸಿದ ಊರು ಮತ್ತೊಂದು ಎಂಬ ಮಾಹಿತಿ ಕೊನೆಯ ನುಡಿಯಿಂದಲ್ಲದೆ ಬೇರೆಡೆಯಿಂದ ದೊರೆಯುತ್ತಿರಲಿಲ್ಲ. ಹರದೇಶಿ ನಾಗೇಶಿ ವಾದದ ಹಾಡುಗಾರಿಕೆಯಲ್ಲಂತೂ ಎದುರು ಮೇಳಕ್ಕೆ ತನ್ನ ಗುರು ಯಾರು, ತನ್ನ ಪಕ್ಷ ಯಾವುದು ಎಂದು ಹೇಳಿಕೊಳ್ಳುವುದು ಹಾಡಿಕೆಯ ಅಂಗವೇ ಆಗಿದೆ.

ಎಲ್ಲ ಹಾಡುಗಳಿಗೂ ಅಂಕಿತವಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳು ಕರ್ತೃವನ್ನು ಹೇಳುವುದಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಸಂಗ್ರಾಹಕರ ಹೆಸರುಗಳು ದಾಖಲಾದವು. ಹಾಡಿದ ಗರತಿಯರ ಸಮೂಹ ಅನಾಮಿಕವಾಗಿಯೇ ಉಳಿಯಿತು. ಆದುದರಿಂದ ಅನಾಮಿಕತೆಯೆಲ್ಲ ಯಂತ್ರದ ಕೊಡುಗೆಯಲ್ಲ. ಹೆಸರೇ ಇಲ್ಲದೆ ಬಂದ ಹಾಡು, ಹೆಸರಿದ್ದೂ ಕಳೆದುಕೊಂಡ ಹಾಡು ಎಂಬ ಎರಡು ವರ್ಗಗಳನ್ನು ಬೇರೆಬೇರೆಯಾಗಿ ಇರಿಸಿಕೊಳ್ಳುವುದು ಸಂಶೋಧನೆಯ ಮೊದಲ ಅಗತ್ಯ.

ಜಾತ್ರೆ ಮತ್ತು ಕಂಪನಿ ನಾಟಕ

ಬಾದಾಮಿಗೆ ಸಮೀಪದ ಚೊಳಚಗುಡ್ಡದ ಬಳಿಯಿರುವ ಬನಶಂಕರಿಯ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ, ಜನರ ಮಾತಿನಲ್ಲಿ ಬನದ ಹುಣ್ಣಿಮೆಗೆ, ರಥೋತ್ಸವದೊಂದಿಗೆ ಆರಂಭವಾಗಿ ವಾರಗಟ್ಟಲೆ ನಡೆಯುತ್ತದೆ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಇಲ್ಲಿ ಡೇರೆ ಹಾಕಿ ರಾತ್ರಿಗೊಂದಕ್ಕಿಂತ ಹೆಚ್ಚು ಪ್ರಯೋಗಗಳನ್ನು ನೀಡುವ ಪದ್ಧತಿ ಬೆಳೆದುಬಂದಿದೆ. ಸುಗ್ಗಿಯ ದಿನಗಳಾದುದರಿಂದ ರೈತರ ಕೈಯಲ್ಲಿ ಒಂದಿಷ್ಟು ಹಣವಿರುತ್ತದೆ. ಸುತ್ತಲಿನ ಹಲವು ಜಿಲ್ಲೆಗಳ ಜನ ಒಂದೆಡೆ ಸೇರುತ್ತಾರೆ. ಹೊಸ ಹಾಡೊಂದು ಜನರ ಬಾಯಿಗೆ ಬೀಳಲು ಇದಕ್ಕಿಂತ ತಕ್ಕ ವೇದಿಕೆ ಇರಲಿಲ್ಲ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿ ಹಾಡನ್ನು ಮರಳಿ ಹಾಡಿಸುತ್ತಿದ್ದುದು ಜನಪ್ರಿಯತೆಯ ಅಂದಿನ ಅಳತೆಗೋಲು. ನಾಟಕದ ಪದಗಳನ್ನು ಅಚ್ಚು ಮಾಡಿದ ಚಿಕ್ಕ ಪುಸ್ತಿಕೆಗಳು ಕಂಪನಿಗಳಲ್ಲಿ ಮಾರಾಟವಾಗುತ್ತಿದ್ದವು; ಇಂತಹ ಪುಸ್ತಿಕೆಯ ರಕ್ಷಾಪುಟವೇ ಹಾಡಿನ ಬಿಡುಗಡೆಯ ಅತಿ ಹಳೆಯ ಲಿಖಿತ ಸಾಕ್ಷ್ಯವಾಗಬಲ್ಲುದು.

ಈ ರಂಗಭೂಮಿಗೆ ನಾಟಕಗಳನ್ನು ಬರೆದುಕೊಟ್ಟವರಲ್ಲಿ ಇಬ್ಬರು ಹುನಗುಂದ, ಇಳಕಲ್ ಪರಿಸರದವರು. ಮೊದಲನೆಯವರು ಇಳಕಲ್ ಸಮೀಪದ ಕಂದಗಲ್ಲಿನ ಹನುಮಂತರಾಯರು (1896–1966). ‘ರಕ್ತರಾತ್ರಿ’ ಮೊದಲಾದ ಪೌರಾಣಿಕ ನಾಟಕಗಳಿಂದ ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂಬ ಹೆಸರು ಪಡೆದ ಇವರ ನೆನಪಿಗೆ ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಡಲಾಗಿದೆ. ಎರಡನೆಯವರು ಸೂಳೇಬಾವಿಯ ಪಿ.ಬಿ. ಧುತ್ತರಗಿಯವರು. ಗ್ರಾಮಜೀವನದ ಕೌಟುಂಬಿಕ ಹಾಗೂ ಆರ್ಥಿಕ ಸಂಘರ್ಷಗಳನ್ನು ಸಾಮಾಜಿಕ ನಾಟಕವಾಗಿಸಿದ ಇವರ ‘ಸಂಪತ್ತಿಗೆ ಸವಾಲ್’ ನಾಡಿನ ಉದ್ದಗಲಕ್ಕೂ ಪ್ರಯೋಗ ಕಂಡ ಕೃತಿ. ಕಂಪನಿ ನಾಟಕದಲ್ಲಿ ಕವಿಯ ಹೆಸರು ಭಿತ್ತಿಪತ್ರದಲ್ಲಿಯೂ ಪುಸ್ತಿಕೆಯಲ್ಲಿಯೂ ಮುದ್ರಣವಾಗುತ್ತಿತ್ತು. ಬಾಯಿಮಾತಿನ ಪರಂಪರೆಯಲ್ಲಿ ಅಂಕಿತ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಚ್ಚಿನ ಕಾಗದ ವಹಿಸಿಕೊಂಡಿತು. ಕಾಗದ ಉಳಿದರೆ ಹೆಸರು ಉಳಿಯಿತು. ಕಾಗದ ಹರಿದರೆ ಹೆಸರೂ ಹೋಯಿತು.

ಮೂರು ನಿಮಿಷದ ತಟ್ಟೆ

ಭಾರತೀಯ ಸಂಗೀತದ ವಾಣಿಜ್ಯ ಧ್ವನಿಮುದ್ರಣ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆಯಿತು. ಗ್ರಾಮಫೋನ್ ಕಂಪನಿಯ ಪರವಾಗಿ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡ. ಆಗ ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಭಾಷೆಯರಿಯದ ಅಲ್ಲಿನ ತಂತ್ರಜ್ಞರಿಗೆ ಯಾರ ತಟ್ಟೆ ಯಾವುದೆಂದು ತಿಳಿಯಲೆಂದು ಹಾಡಿನ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ಆರಂಭವಾದ ಮೇಲೆ ಈ ಅಗತ್ಯ ಕ್ರಮೇಣ ಇಲ್ಲವಾಯಿತು.

ಕೊನೆಯಲ್ಲಿ ಹೆಸರು ಹೇಳುವ ಈ ಪದ್ಧತಿಗೂ ಅಂಕಿತಕ್ಕೂ ಮೇಲುನೋಟದ ಹೋಲಿಕೆಯಿದೆ; ಆದರೆ ಅವೆರಡರ ಪರಿಣಾಮ ಬೇರೆ. ಅಂಕಿತ ಹಾಡು ಕಟ್ಟಿದವರದು, ತಟ್ಟೆಯ ಕೊನೆಯ ಘೋಷಣೆ ಹಾಡಿದವರದು. ಹತ್ತು ಅಂಗುಲದ, ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರರಿಂದ ಮೂರೂವರೆ ನಿಮಿಷದ ಹಾಡು. ಒಂದು ತಾಸು ನಡೆಯುವ ಲಾವಣಿಯನ್ನಾಗಲಿ, ಏಳೆಂಟು ನುಡಿಗಳ ತತ್ತ್ವಪದವನ್ನಾಗಲಿ ಈ ಅವಧಿಗೆ ಇಳಿಸಬೇಕಾದರೆ ಪಲ್ಲವಿಯನ್ನೂ ಮೊದಲ ನುಡಿಗಳನ್ನೂ ಇಟ್ಟುಕೊಂಡು ಉಳಿದುದನ್ನು ಬಿಡುವುದು ಸಹಜ. ಅಂಕಿತದ ಸ್ಥಾನವಾದರೋ ಕೊನೆಯ ನುಡಿ. ಹೀಗೆ ಕಾಲಮಿತಿಯೊಂದೇ ಕರ್ತೃವಿನ ಹೆಸರನ್ನು ಹಾಡಿನಿಂದ ಹೊರಗಿಡಬಲ್ಲುದಾಗಿತ್ತು. ಯಾರೂ ದುರುದ್ದೇಶದಿಂದ ಅಳಿಸದಿದ್ದರೂ ಹೆಸರು ಅಳಿಯುವ ವ್ಯವಸ್ಥೆ ಅದು.

ಲೇಬಲ್ಲಿನ ಚಿಕ್ಕ ವೃತ್ತದಲ್ಲಿ ಕಂಪನಿಯ ಮುದ್ರೆ, ಹಾಡಿನ ಮೊದಲ ಪದಗಳು, ಗಾಯಕರ ಹೆಸರು, ಕ್ರಮಸಂಖ್ಯೆ ಇಷ್ಟಕ್ಕೆ ಪ್ರಾಶಸ್ತ್ಯ. ಗಾಯಕರ ಹೆಸರಾದರೂ ಯಥಾವತ್ತಾಗಿ ಇರುತ್ತಿತ್ತೆಂದು ಹೇಳುವಂತಿಲ್ಲ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಆರಂಭದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಚಲನಚಿತ್ರಗೀತೆಗಳ ತಟ್ಟೆಗಳಲ್ಲಿ ಗಾಯಕಿಯ ಬದಲು ಪಾತ್ರದ ಹೆಸರನ್ನು ಹಾಕುವ ರೂಢಿಯೂ ಇತ್ತು. 1949ರ ‘ಮಹಲ್’ ಚಿತ್ರಕ್ಕಾಗಿ ಲತಾ ಮಂಗೇಶ್ಕರ್ ಹಾಡಿದ ಹೆಸರಾಂತ ಗೀತೆಯ ಮೊದಲ ತಟ್ಟೆಗಳಲ್ಲಿ ಇದ್ದುದು ‘ಕಾಮಿನಿ’ ಎಂಬ ಪಾತ್ರನಾಮ.

ಬೀಳಗಿಯ ಸೋದರಿಯರು

ಈ ಹಿನ್ನೆಲೆಯಲ್ಲಿ ಬೀಳಗಿ ಮೂಲದ ಗೋಹರಬಾಯಿ ಮತ್ತು ಅಮೀರಬಾಯಿ ಸೋದರಿಯರ ವೃತ್ತಾಂತ ಗಮನಾರ್ಹವಾಗುತ್ತದೆ. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಸಂಗಾತಿಯಾಗಿ ಹೆಸರಾದರು. ತಂಗಿ ಅಮೀರಬಾಯಿ ಎಳೆಯ ಹರೆಯದಲ್ಲಿಯೇ ಮುಂಬಯಿಗೆ ಹೋಗಿ, ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ ಮುದ್ರಿಸಿಕೊಂಡ ಕವ್ವಾಲಿಯೊಂದರಿಂದ ಗಮನ ಸೆಳೆದು, 1934ರ ‘ವಿಷ್ಣುಭಕ್ತಿ’ಯ ಮೂಲಕ ಚಲನಚಿತ್ರರಂಗಕ್ಕೆ ಕಾಲಿಟ್ಟರು. 1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ತೆರೆಕಂಡಾಗ ಅನಿಲ್ ಬಿಸ್ವಾಸ್ ಅವರ ಸಂಗೀತದಲ್ಲಿ, ಕವಿ ಪ್ರದೀಪರ ಗೀತೆಗಳನ್ನು ಹಾಡಿದ ಅಮೀರಬಾಯಿ ಅಖಿಲ ಭಾರತ ಖ್ಯಾತಿ ಗಳಿಸಿದರು. ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಓಡಿತು. 1944ರ ‘ರತನ್’, 1946ರ ಗುಜರಾತಿ ಚಿತ್ರ ‘ರಾಣಕದೇವಿ’ ಅವರ ಕೀರ್ತಿಯನ್ನು ವಿಸ್ತರಿಸಿದವು. ಗಳಿಕೆಯ ಒಂದು ಪಾಲನ್ನು ಅವರು ತಮ್ಮ ಸೀಮೆಗೇ ತಂದು ವಿಜಯಪುರದಲ್ಲಿ ‘ಅಮೀರ್ ಟಾಕೀಸ್’ ಚಿತ್ರಮಂದಿರವನ್ನು ಕಟ್ಟಿಸಿದರು. 1965ರಲ್ಲಿ ಅವರು ತೀರಿಕೊಂಡರು.

ಇವರ ಹೆಸರಿನ ಮುಂದೆ ನಿಂತ ‘ಕರ್ನಾಟಕಿ’ ಎಂಬ ಪದ ವಿಚಾರಾರ್ಹ. ಮುಂಬಯಿಯ ಕೇಳುಗರಿಗೆ ಬೀಳಗಿ ಎಂಬ ಊರು ಅಪರಿಚಿತ. ಭಾಷಾ ಸೀಮೆಯನ್ನು ಸೂಚಿಸುವ ವಿಶಾಲವಾದ ಹೆಸರು ಪರಿಚಿತ. ರಾಜ್ಯಕ್ಕೆ ಕರ್ನಾಟಕವೆಂಬ ಅಧಿಕೃತ ನಾಮಕರಣ ಆದದ್ದು 1973ರಲ್ಲಿ. ಅದಕ್ಕೂ ಬಹಳ ಮೊದಲೇ ಈ ಸೋದರಿಯರ ತಟ್ಟೆಗಳು ಆ ಹೆಸರನ್ನು ದೇಶದ ಮನೆಮನೆಗೆ ಒಯ್ದಿದ್ದವು. ಅದೇ ಹೊತ್ತಿಗೆ ಊರಿನ ಹೆಸರು ಮರೆಯಾಯಿತು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅಮೀರಬಾಯಿಯವರನ್ನು ಕುರಿತು ಪುಸ್ತಕ ಬರೆದ ಮೇಲೆಯೇ ಬೀಳಗಿಯೊಡನೆ ಅವರ ಸಂಬಂಧ ವಿಸ್ತಾರವಾದ ಚರ್ಚೆಗೆ ಬಂದಿತು. ಲೇಬಲ್ಲು ಕಳೆದುದನ್ನು ದಶಕಗಳ ಅನಂತರ ಗ್ರಂಥವೊಂದು ಮರಳಿ ಕೂಡಿಸಬೇಕಾಯಿತು.

ನಾಟಕದಿಂದ ಚಲನಚಿತ್ರಕ್ಕೆ

ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಎ.ವಿ. ಶೇಷಗಿರಿರಾಯರ ನಿರ್ದೇಶನದಲ್ಲಿ, ಜಿ.ಕೆ. ವೆಂಕಟೇಶ್ ಅವರ ಸಂಗೀತದೊಡನೆ ಚಲನಚಿತ್ರವಾಯಿತು. ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಗೀತೆಗೆ ನಟ ರಾಜಕುಮಾರ್ ಅವರೇ ಕಂಠ ನೀಡಿದರು. ಅವರು ಅದಕ್ಕೆ ಮೊದಲು ಬೆರಳೆಣಿಕೆಯ ಹಾಡುಗಳನ್ನು ಹಾಡಿದ್ದರೂ ಅವರ ಪಾತ್ರಗಳಿಗೆ ಸಾಮಾನ್ಯವಾಗಿ ಪಿ.ಬಿ. ಶ್ರೀನಿವಾಸ್ ಹಿನ್ನೆಲೆ ಗಾಯಕರಾಗಿದ್ದರು. ಈ ಗೀತೆಯ ಯಶಸ್ಸಿನ ನಂತರ ತಮ್ಮ ಹಾಡುಗಳನ್ನು ತಾವೇ ಹಾಡುವ ಪದ್ಧತಿಯನ್ನು ರಾಜಕುಮಾರ್ ಬೆಳೆಸಿಕೊಂಡರು. ಕನ್ನಡ ಧ್ವನಿಮುದ್ರಿಕೆಗಳ ಚರಿತ್ರೆಯಲ್ಲಿ ಇದೊಂದು ತಿರುವು ಎನ್ನುವುದರಲ್ಲಿ ಭಿನ್ನಾಭಿಪ್ರಾಯವಿರಲಾರದು. ಗುಬ್ಬಿ ಕಂಪನಿಯ ರಂಗಶಿಕ್ಷಣದಲ್ಲಿ ಪಳಗಿದ ಕಂಠವೊಂದು ಹುನಗುಂದ ಸೀಮೆಯ ನಾಟಕಕಾರರ ಕಥೆಯ ಮೂಲಕ ಹಿನ್ನೆಲೆ ಗಾಯನದಲ್ಲಿ ನೆಲೆಗೊಂಡಿತೆಂಬುದು ರಂಗಭೂಮಿಯ ದೃಷ್ಟಿಯಿಂದ ಮಹತ್ವದ ಸಂಗತಿ.

ಚಿತ್ರಗೀತೆಯ ಮುದ್ರಿಕೆಯಲ್ಲಿ ನಾಟಕಕಾರರ ಹೆಸರಿಗೆ ಸ್ಥಳವಿರುವುದಿಲ್ಲ. ಗೀತೆಯನ್ನು ಅವರು ಬರೆದಿರುವುದಿಲ್ಲವಾದ್ದರಿಂದ ಅದು ಅನ್ಯಾಯವೆಂದೂ ಹೇಳಲಾಗದು. ಆದರೆ ಆ ಹಾಡು ಯಾರ ಬಾಯಿಂದ, ಯಾವ ಸನ್ನಿವೇಶದಲ್ಲಿ, ಎಂಥ ಹಳ್ಳಿಯಲ್ಲಿ ಹುಟ್ಟುತ್ತದೆಂಬ ಚೌಕಟ್ಟು ನಾಟಕದಿಂದ ಬಂದುದು. ಮುದ್ರಿಕೆಯ ವಿವರಗಳನ್ನು ಮಾತ್ರ ನಕಲು ಮಾಡುವ ಸೂಚಿಯಲ್ಲಿ ಸೂಳೇಬಾವಿಗೆ ಪ್ರವೇಶವಿಲ್ಲ. ‘ಆಧಾರಕೃತಿ’ ಎಂಬ ಒಂದು ಅಂಕಣವನ್ನು ಸೇರಿಸಿದರೆ ಪ್ರವೇಶ ದೊರೆಯುತ್ತದೆ.

ಧ್ವನಿಸುರುಳಿ, ಕಾನೂನು, ಮರಳಿದ ಅಂಕಿತ

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಈ ಭಾಗದ ಹಾಡುಗಾರರಿಗೆ ಮತ್ತೊಂದು ವೇದಿಕೆಯಾಯಿತು. ಸುಗಮ ಸಂಗೀತದ ಪ್ರಸಾರದಲ್ಲಿ ಕವಿ, ಗಾಯಕ ಇಬ್ಬರ ಹೆಸರನ್ನೂ ಹೇಳುವ ಸಂಪ್ರದಾಯ ಬಾನುಲಿಯಲ್ಲಿ ನೆಲೆಯೂರಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಿಡುಗಡೆಯಾದಾಗ ಕವಿಯ ಹೆಸರೇ ಮಾರಾಟದ ಆಕರ್ಷಣೆಯಾಗಬಲ್ಲುದೆಂಬುದು ಸಿದ್ಧವಾಯಿತು. ಶಿಶುನಾಳ ಶರೀಫರ ತತ್ತ್ವಪದಗಳು ಸಿ. ಅಶ್ವಥ್ ಅವರ ಗಾಯನದ ಮೂಲಕ, 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದ ಮೂಲಕ ನಗರದ ಕೇಳುಗರನ್ನು ತಲುಪಿದಾಗಲೂ ಅವರ ಅಂಕಿತ ಹಾಡಿನೊಡನೆಯೇ ಸಾಗಿತು.

ಇದಕ್ಕೆ ವ್ಯತಿರಿಕ್ತವಾದ ಪ್ರವೃತ್ತಿಯೂ ಇದೇ ಕಾಲದ್ದು. ಕ್ಯಾಸೆಟ್ಟು ಅಗ್ಗವಾಗಿ ಜಾತ್ರೆಯ ಅಂಗಡಿಗಳಿಗೆ ಬಂದ ಮೇಲೆ ಗೀಗೀಪದ, ಭಜನೆಪದ, ಡೊಳ್ಳಿನಪದಗಳ ಸುರುಳಿಗಳು ಹೆಚ್ಚಿದವು. ಸುರುಳಿಯ ಒಂದು ಮಗ್ಗುಲಲ್ಲಿ ಅರ್ಧ ತಾಸಿನ ಹಾಡು ಹಿಡಿಸುವುದರಿಂದ ಕೊನೆಯ ನುಡಿಯನ್ನು ಕತ್ತರಿಸುವ ತಾಂತ್ರಿಕ ಅನಿವಾರ್ಯತೆ ಉಳಿಯಲಿಲ್ಲ. ಹೊದಿಕೆಯ ಕಾಗದದಲ್ಲಿ ಮಾತ್ರ ಸಾಹಿತ್ಯದ ಎದುರಿಗೆ ‘ಜಾನಪದ’ ಅಥವಾ ‘ಸಾಂಪ್ರದಾಯಿಕ’ ಎಂದು ಬರೆದುಬಿಡುವ ಸುಲಭೋಪಾಯ ಬಳಕೆಗೆ ಬಂದಿತು. ಹಾಡಿನ ಕೊನೆಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ಹೇಳಿಕೊಂಡಿರುವಾಗ ಹೊದಿಕೆಯಲ್ಲಿ ಅನಾಮಿಕವೆಂಬ ಅರ್ಥ ಬರುವ ಪದವನ್ನು ಅಚ್ಚು ಹಾಕುವುದು ದಾಖಲೆಯ ದೃಷ್ಟಿಯಿಂದ ದೋಷವೇ ಸರಿ.

ಕಾನೂನು ಈ ದೋಷವನ್ನು ತಡೆಯಲಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1984ರಲ್ಲಿ ಸೇರಿಸಲಾದ 52ಎ ಪ್ರಕರಣವು ಧ್ವನಿಮುದ್ರಿಕೆಯ ಮೇಲೆ ಅದನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ ಹಾಗೂ ಪ್ರಥಮ ಪ್ರಕಟಣೆಯ ವರ್ಷ ಇರಬೇಕೆಂದು ವಿಧಿಸುತ್ತದೆ. ಹಾಡು ಬರೆದವರ ಹೆಸರು ಆ ಪಟ್ಟಿಯಲ್ಲಿಲ್ಲ. 2012ರ ತಿದ್ದುಪಡಿಯಾದರೋ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಕೃತಿಯ ಬಳಕೆಯಿಂದ ಬರುವ ಗೌರವಧನದಲ್ಲಿ ಪಾಲು ಪಡೆಯುವ ಹಕ್ಕನ್ನು ದೃಢಪಡಿಸಿತು. ಕೃತಿಸ್ವಾಮ್ಯ ಕರ್ತೃವಿನ ಮರಣಾನಂತರವೂ 60 ವರ್ಷ ಇರುವುದರಿಂದ ಈ ಹಕ್ಕು ವಾರಸುದಾರರಿಗೂ ಸೇರಿದ್ದು. ಹೆಸರೇ ದಾಖಲಾಗದ ಕಡೆ ಈ ಹಕ್ಕನ್ನು ಚಲಾಯಿಸುವುದು ಅಸಾಧ್ಯ. ಕರ್ತೃತ್ವದ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಡು ಕಟ್ಟಿದವರ ಕುಟುಂಬದ ಜೀವನಕ್ಕೂ ಅದು ಸಂಬಂಧಿಸಿದ್ದು.

ಕುತೂಹಲದ ಸಂಗತಿಯೆಂದರೆ, ಅಂತರ್ಜಾಲ ಮತ್ತು ಮೊಬೈಲ್ ಮೂಲಕ ಬಿಡುಗಡೆಯಾಗುತ್ತಿರುವ ಉತ್ತರ ಕರ್ನಾಟಕದ ಜನಪದ ಶೈಲಿಯ ಹೊಸ ಹಾಡುಗಳಲ್ಲಿ ಅಂಕಿತ ಮರಳಿ ಕಾಣಿಸಿಕೊಂಡಿದೆ. ಇಂತಹ ಹಲವು ಹಾಡುಗಳ ಕೊನೆಯ ನುಡಿಯಲ್ಲಿ ಬರೆದವರ ಹೆಸರು, ಹಾಡಿದವರ ಹೆಸರು, ಅವರ ಊರು ಸಾಲಾಗಿ ಬರುತ್ತವೆ. ಕೈಯಿಂದ ಕೈಗೆ ದಾಟುವ ಕಡತದಲ್ಲಿ ಹೊದಿಕೆಯ ಕಾಗದವೂ ಇಲ್ಲ, ಲೇಬಲ್ಲೂ ಇಲ್ಲ. ಹೆಸರು ಉಳಿಯಬೇಕಾದರೆ ಹಾಡಿನೊಳಗೇ ಉಳಿಯಬೇಕು. ಲಾವಣಿಕಾರರು ಕಂಡುಕೊಂಡಿದ್ದ ಉಪಾಯವನ್ನೇ ಹೊಸ ಕಾಲದ ಹಾಡುಗಾರರೂ ಅವಲಂಬಿಸಿದ್ದಾರೆ. ಈ ಹಾಡುಗಳ ಸಾಹಿತ್ಯಗುಣದ ಬಗ್ಗೆ ಆಕ್ಷೇಪವಿರುವವರೂ ಅವುಗಳ ಈ ಎಚ್ಚರವನ್ನು ಮೆಚ್ಚಬೇಕಾಗುತ್ತದೆ.

ಸೂಚಿಕಾರರ ಗಮನಕ್ಕೆ

ಮೇಲಿನ ವಿವೇಚನೆಯಿಂದ ಗ್ರಂಥಾಲಯಗಳಿಗೂ ಸಂಗ್ರಹಾಲಯಗಳಿಗೂ ಕೆಲವು ಕ್ರಮಗಳನ್ನು ಸೂಚಿಸಬಹುದು. ಒಂದು, ಹಾಡಿನ ಮೊದಲ ಸಾಲಿನಂತೆಯೇ ಕೊನೆಯ ನುಡಿಯನ್ನೂ ಕೇಳಿ, ಅಲ್ಲಿರುವ ಅಂಕಿತವನ್ನು ಪ್ರತ್ಯೇಕ ಅಂಕಣದಲ್ಲಿ ಬರೆಯಬೇಕು. ಮುದ್ರಿಕೆಯಲ್ಲಿ ಕೊನೆಯ ನುಡಿ ಇಲ್ಲದಿದ್ದರೆ ಇಲ್ಲವೆಂದೇ ನಮೂದಿಸಬೇಕು. ಎರಡು, 78 ಸುತ್ತಿನ ತಟ್ಟೆಗಳಲ್ಲಿ ಲೇಬಲ್ಲಿನ ಕ್ರಮಸಂಖ್ಯೆಯ ಜೊತೆಗೆ ಅದರ ಅಂಚಿನಲ್ಲಿ ತಟ್ಟೆಯ ಮೈಮೇಲೆ ಒತ್ತಿರುವ ಮಾತೃಕಾ ಸಂಖ್ಯೆಯನ್ನೂ ತೆಗೆದುಕೊಳ್ಳಬೇಕು. ಒಂದೇ ಮುದ್ರಣ ಬೇರೆಬೇರೆ ಲೇಬಲ್ಲುಗಳಲ್ಲಿ ಬಂದಿದ್ದರೆ ಅದನ್ನು ಗುರುತಿಸಲು ಆ ಸಂಖ್ಯೆಯೇ ಆಧಾರ. ಮೂರು, ಗಾಯಕರ ರಂಗನಾಮ, ತಟ್ಟೆಯ ಮೇಲಿನ ಹೆಸರು, ನಿಜನಾಮ ಮೂರನ್ನೂ ಪರಸ್ಪರ ಜೋಡಿಸಬೇಕು. ನಾಲ್ಕು, ಸ್ಥಳವನ್ನು ಅಂದಿನ ಮತ್ತು ಇಂದಿನ ಆಡಳಿತ ವಿಭಾಗಗಳೆರಡರಲ್ಲೂ ಕೊಡಬೇಕು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಇಳಕಲ್ ತಾಲ್ಲೂಕು ರೂಪುಗೊಂಡದ್ದು ಅದಕ್ಕೂ ಎರಡು ದಶಕಗಳ ಅನಂತರ. ಹಳೆಯ ದಾಖಲೆಗಳಲ್ಲಿ ಬಿಜಾಪುರ ಜಿಲ್ಲೆಯೆಂದಿರುವ ಎಷ್ಟೋ ನಮೂದುಗಳು ವಾಸ್ತವವಾಗಿ ಈ ಸೀಮೆಗೆ ಸೇರಿದವು. ಐದು, ‘ಜಾನಪದ’ ಎಂಬ ಪದವನ್ನು ಕರ್ತೃವಿನ ಸ್ಥಾನದಲ್ಲಿ ಬಳಸುವ ಮುನ್ನ ಹಾಡನ್ನು ಪೂರ್ತಿಯಾಗಿ ಕೇಳಬೇಕು.

ನಾಟಕ ಕಂಪನಿಗಳ ಪದಪುಸ್ತಿಕೆಗಳು, ಜಾತ್ರೆಯ ಭಿತ್ತಿಪತ್ರಗಳು, ಕ್ಯಾಸೆಟ್ಟಿನ ಹೊದಿಕೆಗಳು ಇದುವರೆಗೆ ಗ್ರಂಥಾಲಯದ ಗೌರವಕ್ಕೆ ಹೆಚ್ಚಾಗಿ ಪಾತ್ರವಾಗಿಲ್ಲ. ಹಾಡಿನ ಹಿನ್ನೆಲೆಯನ್ನೂ ಬಿಡುಗಡೆಯನ್ನೂ ಕುರಿತು ಇವು ಹೇಳುವಷ್ಟನ್ನು ಕಂಪನಿಗಳ ಅಧಿಕೃತ ಪಟ್ಟಿಗಳು ಹೇಳಲಾರವು. ಬನಶಂಕರಿಯ ಬಯಲಿನಲ್ಲಿ ವರ್ಷವರ್ಷವೂ ಹಂಚಿಕೆಯಾಗಿ ಮರುದಿನವೇ ಕಸವಾಗುವ ಕಾಗದವನ್ನು ಸಂಗ್ರಹಿಸುವ ಕಾರ್ಯವನ್ನು ಜಿಲ್ಲೆಯ ಒಂದು ಮಹಾವಿದ್ಯಾಲಯದ ಗ್ರಂಥಾಲಯವಾದರೂ ಕೈಗೆತ್ತಿಕೊಂಡರೆ ಈ ಕ್ಷೇತ್ರದ ಮುಂದಿನ ಸಂಶೋಧಕರಿಗೆ ಮೂಲಭೂತ ಸಾಮಗ್ರಿ ದೊರೆತಂತಾಗುತ್ತದೆ.